ನೀತಿ ಪಾಠ ಊರಿಗೆ, ಖಾಸಗಿತನ ಮಂತ್ರಿಗೆ

2012ರ ಫೆಬ್ರವರಿ 7ರಂದು ವಿಧಾನಸಭೆಯಲ್ಲಿ ಕಲಾಪ ನಡೆಯುತ್ತಿತ್ತು. ಆಗ ಸಹಕಾರ ಸಚಿವರಾಗಿದ್ದ ಲಕ್ಷ್ಮಣ ಸವದಿ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಾಗಿದ್ದ ಸಿ.ಸಿ. ಪಾಟೀಲ ಅಕ್ಕಪಕ್ಕ ಕೂತು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದರು. ಮೇಲಿದ್ದ ಟಿವಿ ಕ್ಯಾಮೆರಾ ಅದನ್ನು ಹಿಡಿಯಿತು. ಸಂಜೆಯ ಹೊತ್ತಿಗೆ ರಾಜ್ಯಕ್ಕೆಲ್ಲ ಗೊತ್ತಾಯಿತು. ಮರುದಿನ ಇಬ್ಬರೂ ರಾಜೀನಾಮೆ ಕೊಟ್ಟರು. ಆ ವಿಡಿಯೊ ಕೊಟ್ಟವರು ಎಂಬ ಆರೋಪ ಹೊತ್ತ ಇನ್ನೊಬ್ಬ ಸಚಿವ ಕೃಷ್ಣ ಪಾಲೆಮಾರ್ ಅವರೂ ಮಂತ್ರಿಗಿರಿ ಬಿಟ್ಟರು. ಡಿ.ವಿ. ಸದಾನಂದ ಗೌಡರ ಸರ್ಕಾರ ದೇಶದ ಮುಂದೆ ನಗೆಪಾಟಲಾಯಿತು.

ಆಮೇಲೆ ಸವದಿ ಅವರು ಕೊಟ್ಟ ವಿವರಣೆ ಇನ್ನೂ ಸ್ವಾರಸ್ಯದ್ದು. ಆ ದಿನಗಳಲ್ಲಿ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ನಡೆದ ಪಾರ್ಟಿ ದೊಡ್ಡ ಸುದ್ದಿಯಾಗಿತ್ತು. ರೇವ್ ಪಾರ್ಟಿ, ಸಂಸ್ಕೃತಿ ಹಾಳಾಯಿತು ಎಂದು ಗಲಾಟೆ ಎದ್ದಿತ್ತು. ಅಂಥ ಪಾರ್ಟಿಗಳಿಂದ ಏನೇನು ಕೆಡುಕಾಗುತ್ತದೆ ಎಂದು ಚರ್ಚೆಗೆ ತಯಾರಿ ಮಾಡಿಕೊಳ್ಳಲು ಆ ವಿಡಿಯೊ ನೋಡುತ್ತಿದ್ದೆ ಎಂಬ ಅರ್ಥದಲ್ಲಿ ಅವರು ಹೇಳಿದರು. ಅಂದರೆ ನೋಡಿದ್ದೂ ಸಂಸ್ಕೃತಿ ಉಳಿಸುವುದಕ್ಕೇ! ಪಾಟೀಲರದ್ದು ಮತ್ತೊಂದು ಕತೆ. ಅದಕ್ಕೆ ಕೆಲವೇ ವಾರ ಮೊದಲು ಅವರು ಹೆಣ್ಣುಮಕ್ಕಳ ಬಟ್ಟೆ ಬಗ್ಗೆ ಮಾತಾಡಿದ್ದರು. ಪ್ರಚೋದಿಸುವಂಥ ಉಡುಪು ತಮಗೆ ಹಿಡಿಸುವುದಿಲ್ಲ, ಹೆಂಗಸರು ಗೌರವವಾಗಿ ಕಾಣುವಂತೆ ಉಡಬೇಕು ಎಂಬುದು ಅವರ ಮಾತಾಗಿತ್ತು. ಮಹಿಳಾ ಇಲಾಖೆ ನೋಡಿಕೊಳ್ಳುವ ಮಂತ್ರಿಯ ಮಾತು ಅದು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಈ ಗಾದೆ ಹೇಳಿ ನಕ್ಕು ನಾವೆಲ್ಲ ಸುಮ್ಮನಾದೆವು. ಅವತ್ತಿನಿಂದ ಇವತ್ತಿನವರೆಗೆ ಇಂಥ ಸುದ್ದಿ ಬಂದಾಗಲೆಲ್ಲ ಹಾಗೇ ಮಾಡುತ್ತಿದ್ದೇವೆ. ಆದರೆ ಆ ನಗು ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ ಅಂತ ನನಗನಿಸುತ್ತದೆ. ಯಾಕೆಂದು ಹೇಳುವ ಮೊದಲು ಆ ಮಂತ್ರಿಗಳಿಗೆ ಮುಂದೆ ಏನಾಯಿತು ಅಂತ ನೋಡೋಣ.

ಹದಿನೈದು ತಿಂಗಳ ಬಳಿಕ, 2013ರ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು. ಅಥಣಿಯಲ್ಲಿ ಸವದಿ ಗೆದ್ದರು. ನರಗುಂದದಲ್ಲಿ ಪಾಟೀಲ ಸೋತರು, ಮಂಗಳೂರು ಉತ್ತರದಲ್ಲಿ ಪಾಲೆಮಾರ್ ಸೋತರು. ಜನ ತಕ್ಕ ಪಾಠ ಕಲಿಸಿದರು ಎಂದು ಹೇಳುವ ಹಾಗಿಲ್ಲ. ಆ ಚುನಾವಣೆಯಲ್ಲಿ ಬಿಜೆಪಿ 110ರಿಂದ 40 ಸ್ಥಾನಕ್ಕೆ ಇಳಿದಿತ್ತು. ಯಡಿಯೂರಪ್ಪನವರು ಪಕ್ಷ ಬಿಟ್ಟು ಕೆಜೆಪಿ ಕಟ್ಟಿದ್ದರು, ಗಣಿ ಹಗರಣದ ಹೊರೆ ಬೇರೆ ಇತ್ತು. ಹೀಗಿರುವಾಗ ಸೋಲಿನಲ್ಲಿ ಮೊಬೈಲ್ ವಿಡಿಯೊದ ಪಾಲು ಎಷ್ಟು ಅಂತ ಅಳೆಯೋದು ಹೇಗೆ? 2018ರಲ್ಲಿ ಲೆಕ್ಕ ಉಲ್ಟಾ ಆಯಿತು. ಪಾಟೀಲ ಗೆದ್ದರು, ಸವದಿ ಸೋತರು. ಮತದಾರರು ನೀರಾವರಿ, ಜಾತಿ, ಅಭ್ಯರ್ಥಿಯ ಒಡನಾಟ, ಪಕ್ಷದ ಗಾಳಿ ಎಲ್ಲವನ್ನೂ ನೋಡಿ ವೋಟು ಹಾಕುತ್ತಾರೆ. ಹಳೆಯ ವಿಡಿಯೊ ಆ ಪಟ್ಟಿಯಲ್ಲಿ ತುಂಬಾ ಕೆಳಗಿರುತ್ತದೆ.

2019ರ ಜುಲೈನಲ್ಲಿ ಯಡಿಯೂರಪ್ಪನವರ ಸರ್ಕಾರ ಬಂತು, ಆಗಸ್ಟ್‌ನಲ್ಲಿ ಸವದಿ ಉಪ ಮುಖ್ಯಮಂತ್ರಿಯಾದರು. ಅಷ್ಟೊತ್ತಿಗೆ ಅವರು ವಿಧಾನಸಭೆಯಲ್ಲೂ ಇರಲಿಲ್ಲ, ಪರಿಷತ್ತಿನಲ್ಲೂ ಇರಲಿಲ್ಲ. ಪಾಟೀಲರೂ ಮಂತ್ರಿಯಾದರು. ಬಿಜೆಪಿಯ ಒಳಗೇ ಅಸಮಾಧಾನ ಎದ್ದಿತು ನಿಜ. ಆದರೆ ಆ ಗೊಣಗಾಟ ಸೋತವರಿಗೆ ಯಾಕೆ ಈ ಹುದ್ದೆ ಎಂಬ ಬಗ್ಗೆ. 2012ರ ವಿಷಯ ಎತ್ತಿದವರು ಹೆಚ್ಚಾಗಿ ಹೊರಗಿನವರು. ಬೆಳಗಾವಿ ಭಾಗದ ಪ್ರಭಾವಿ ಲಿಂಗಾಯತ ನಾಯಕ, ಗಾಣಿಗ ಸಮುದಾಯದ ಬೆಂಬಲ ಇರುವವರು ಎಂಬ ಲೆಕ್ಕದ ಮುಂದೆ ಆ ಕತೆ ಏನೂ ಅಲ್ಲ.

ಆಗ ಕಾನೂನು ಸಚಿವರಾಗಿದ್ದ ಜೆ.ಸಿ. ಮಾಧುಸ್ವಾಮಿ ಸವದಿ ಅವರ ಪರವಾಗಿ ಒಂದು ಮಾತು ಹೇಳಿದರು. ಸದನದಲ್ಲಿ ಹಾಗೆ ನೋಡಿದ್ದು ತಪ್ಪು, ಆದರೆ ಮನುಷ್ಯ ಅಂದ ಮೇಲೆ ತಪ್ಪು ಮಾಡುತ್ತಾನೆ. ಅವರು ಯಾರಿಗೂ ಮೋಸ ಮಾಡಿಲ್ಲ, ದೇಶದ್ರೋಹ ಮಾಡಿಲ್ಲ. ಸಾರಾಂಶ ಇಷ್ಟು. ಆ ಹೊತ್ತಿಗೆ ಜನ ಮಾಧುಸ್ವಾಮಿ ಅವರನ್ನೂ ಗೇಲಿ ಮಾಡಿದರು.

ನನಗೇನೋ ಅವರ ಮಾತು ಬಹುಪಾಲು ಸರಿ ಅನಿಸುತ್ತದೆ. ನಿಜಕ್ಕೂ ಯಾರಿಗೆ ಏನು ಅನ್ಯಾಯವಾಯಿತು? ಸದನದ ಹೊತ್ತು ಹಾಳಾಯಿತು. ಜನರ ದುಡ್ಡಲ್ಲಿ ನಡೆಯುವ ಕಲಾಪಕ್ಕೆ ಅಗೌರವವಾಯಿತು. ಅದಕ್ಕೆ ಮಂತ್ರಿಗಿರಿ ಹೋಯಿತು, ಮುಗಿಯಿತು. ಅದೇ ವಿಡಿಯೊವನ್ನು ಮನೆಯಲ್ಲಿ ಕೂತು ಒಬ್ಬರೇ ನೋಡಿದ್ದರೆ ನಮಗೇನು ಸಂಬಂಧ? ವಯಸ್ಸಿಗೆ ಬಂದ ಮನುಷ್ಯ, ಯಾರ ಮೈಮೇಲೂ ಕೈ ಹಾಕಿಲ್ಲ, ತಪ್ಪಾಯಿತು ಅಂದರೆ ಬಿಟ್ಟುಬಿಡಿ ಎನ್ನುವುದು ಒಳ್ಳೆಯ ಉದಾರತೆಯೇ. ಕೇಳಬೇಕಾದ ಪ್ರಶ್ನೆ ಬೇರೆ. ಈ ಉದಾರತೆ ಮಂಗಳೂರಿನ ಬಸ್ಸಿನಲ್ಲಿ ಕೂತ ಹುಡುಗ ಹುಡುಗಿಗೆ ಯಾಕೆ ಸಿಗುವುದಿಲ್ಲ?

ಕರಾವಳಿಯ ಕತೆ ಗೊತ್ತೇ ಇದೆ, ಅಲ್ವಾ? 2009ರ ಜನವರಿ 24ರಂದು ಮಂಗಳೂರಿನ ಪಬ್‌ಗೆ ಶ್ರೀರಾಮ ಸೇನೆಯವರು ನುಗ್ಗಿ ಯುವತಿಯರನ್ನು ಎಳೆದಾಡಿ ಹೊಡೆದರು. ಹೊಡೆದದ್ದು ತಪ್ಪು ಎಂದ ಸರ್ಕಾರವೇ ಪಬ್ ಸಂಸ್ಕೃತಿಯನ್ನು ಬೆಳೆಯಲು ಬಿಡುವುದಿಲ್ಲ ಎಂದೂ ಹೇಳಿತು. ಆಗ ಯಡಿಯೂರಪ್ಪನವರೇ ಮುಖ್ಯಮಂತ್ರಿ. ಇದು ಒಂದೇ ಪಕ್ಷದ ಚಾಳಿ ಅಂದುಕೊಳ್ಳಬೇಡಿ. ರಾಜಸ್ಥಾನದಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿಯಾಗಿದ್ದ ಅಶೋಕ್ ಗೆಹಲೋಟ್ ಕೂಡ ಅದೇ ವಾರಗಳಲ್ಲಿ ಹುಡುಗ ಹುಡುಗಿ ಕೈ ಹಿಡಿದು ಓಡಾಡುವ ಪಬ್, ಮಾಲ್ ಸಂಸ್ಕೃತಿಯ ವಿರುದ್ಧ ಮಾತಾಡಿದ್ದರು. 2018ರ ಮಾರ್ಚ್‌ನಲ್ಲಿ ಮಂಗಳೂರಿನ ಕೋರ್ಟು ಸೇನೆಯ ಮುಖಂಡ ಪ್ರಮೋದ್ ಮುತಾಲಿಕ್ ಸೇರಿದಂತೆ ಪಬ್ ದಾಳಿಯ ಆರೋಪಿಗಳನ್ನು ಸಾಕ್ಷ್ಯ ಸಾಲದೆ ಬಿಟ್ಟಿತು.

ಸದನದ ಮೊಬೈಲ್ ಪ್ರಕರಣ ಆಗಿ ಆರು ತಿಂಗಳೂ ಕಳೆದಿರಲಿಲ್ಲ. 2012ರ ಜುಲೈ 28ರಂದು ಮಂಗಳೂರಿನ ಪಡೀಲ್‌ನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ದಾಳಿ ಮಾಡಿತು. ಹುಡುಗಿಯರನ್ನು ಹೊಡೆದು ಎಳೆದಾಡುವ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಅದನ್ನು ಚಿತ್ರೀಕರಿಸಿ ಹೊರಗೆ ತಂದ ಪತ್ರಕರ್ತ ನವೀನ್ ಸೂರಿಂಜೆ ಅವರನ್ನೂ ಆರೋಪಿ ಮಾಡಿ ಜೈಲಿಗೆ ಹಾಕಿದರು. ಸಿದ್ದರಾಮಯ್ಯ ಸರ್ಕಾರ ಬಂದ ಮೇಲಷ್ಟೇ ಅವರ ಮೇಲಿನ ಕೇಸು ವಾಪಸಾಯಿತು. ದಾಳಿಯ ಕೇಸಿನಲ್ಲಿ ಉಳಿದಿದ್ದ ಆರೋಪಿಗಳು 2024ರ ಆಗಸ್ಟ್‌ನಲ್ಲಿ ಖುಲಾಸೆಯಾದರು. ಹನ್ನೆರಡು ವರ್ಷ ಎಳೆದ ಕೇಸು ಅದು.

ಒಂದೇ ವರ್ಷದ ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಶಾಸನ ಮಾಡುವ ಜಾಗದಲ್ಲೇ ಅಶ್ಲೀಲ ವಿಡಿಯೊ ನೋಡಿದವರು. ಇನ್ನೊಂದು ಕಡೆ ಕೇಕ್ ಕತ್ತರಿಸುತ್ತಿದ್ದವರು. ಮೊದಲಿನವರು ಏಳೂವರೆ ವರ್ಷದಲ್ಲಿ ಮತ್ತೆ ಸರ್ಕಾರದಲ್ಲಿದ್ದರು. ಎರಡನೆಯವರ ಮುಖ ಒದೆ ತಿನ್ನುವಾಗಲೇ ಮನೆಮನೆ ಟಿವಿಯಲ್ಲಿ ಬಂತು. ಅದನ್ನು ಅಳಿಸುವವರು ಯಾರು?

ದಾಳಿ ಸುದ್ದಿಯಾಗದ ಕಡೆಯೂ ಕತೆ ಹೆಚ್ಚುಕಡಿಮೆ ಇದೇ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಬಸ್ಸಿನಲ್ಲಿ ಜೊತೆಗೆ ಕೂತಿದ್ದಾರೆ ಎಂದು ಯಾರೋ ಫೋನ್ ಮಾಡುತ್ತಾರೆ. ಮುಂದಿನ ಸ್ಟಾಪಿನಲ್ಲಿ ಗುಂಪು ಕಾಯುತ್ತಿರುತ್ತದೆ. ಇಬ್ಬರನ್ನೂ ಇಳಿಸಿ, ಹೆಸರು ಕೇಳಿ, ವಿಡಿಯೊ ಮಾಡಿ ಠಾಣೆಗೆ ಕರೆದೊಯ್ಯುತ್ತಾರೆ. ಠಾಣೆಯಿಂದ ಅಪ್ಪ ಅಮ್ಮನಿಗೆ ಕರೆ ಹೋಗುತ್ತದೆ. ಹುಡುಗನಿಗೆ ಪೆಟ್ಟು ಬಿದ್ದಿರುತ್ತದೆ. ಹುಡುಗಿಗೆ ಕಾಲೇಜೇ ನಿಂತುಹೋಗಬಹುದು. ದೂರು ಕೊಡಿ ಅಂದರೆ ಮನೆಯವರು ಮರ್ಯಾದೆ ಹೋಗುತ್ತದೆ ಅಂತ ಹಿಂದೆ ಸರಿಯುತ್ತಾರೆ. ಕೊಟ್ಟರೂ ಕೋರ್ಟಿಗೆ ಬಂದು ಎಲ್ಲರೆದುರು ಮತ್ತೆ ಅದನ್ನೇ ಹೇಳುವ ಧೈರ್ಯ ಎಷ್ಟು ಜನಕ್ಕಿರುತ್ತದೆ? ಇಂಥ ಕೇಸುಗಳು ಬಿದ್ದುಹೋಗುವುದು ಹೀಗೆಯೇ. ಅಂದ ಹಾಗೆ, ಗುಂಪಿನಲ್ಲಿ ನಿಂತು ಕೇಸು ಹಾಕಿಸಿಕೊಳ್ಳುವವರೂ ಹೆಚ್ಚಾಗಿ ಹಿಂದುಳಿದ ಜಾತಿಗಳ ಬಡ ಮನೆಯ ಹುಡುಗರೇ. ಭಾಷಣ ಮಾಡಿದ ನಾಯಕರ ಮಕ್ಕಳು ಅಲ್ಲಿ ಕಾಣುವುದು ಅಪರೂಪ. ಕರಾವಳಿಯಲ್ಲಿ ಇದನ್ನು ಎಲ್ಲ ಪಕ್ಷದವರೂ ಖಾಸಗಿಯಾಗಿ ಒಪ್ಪುತ್ತಾರೆ.

2021ರ ಅಕ್ಟೋಬರ್‌ನಲ್ಲಿ ಈ ಪ್ರಕರಣಗಳ ಬಗ್ಗೆ ಮಂಗಳೂರಿನಲ್ಲಿ ಕೇಳಿದಾಗ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕ್ರಿಯೆಗೆ ಪ್ರತಿಕ್ರಿಯೆ ಇರುತ್ತದೆ ಎಂದರು. ಸಮಾಜದಲ್ಲಿ ನೈತಿಕತೆ ಬೇಕು, ಭಾವನೆಗೆ ಧಕ್ಕೆಯಾದರೆ ಹೀಗಾಗುತ್ತದೆ ಎಂಬುದು ಅವರ ವಾದ. ಗೃಹ ಖಾತೆಯನ್ನು ನೋಡಿಕೊಂಡು ಬಂದಿದ್ದವರ ಬಾಯಲ್ಲಿ ಈ ಮಾತು ಬಂದರೆ ಪೊಲೀಸ್ ಠಾಣೆಗೆ ಹೋಗುವ ಸಂದೇಶ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಮಂತ್ರಿಗಳ ಸ್ವಂತ ಖಾಸಗಿತನದ ಪ್ರಶ್ನೆ ಬಂದಿತ್ತು. ಜಲಸಂಪನ್ಮೂಲ ಸಚಿವ ರಮೇಶ ಜಾರಕಿಹೊಳಿ ಅವರ ಅಶ್ಲೀಲ ಸಿಡಿ ಎಂದು ಟಿವಿಗಳಲ್ಲಿ ದೃಶ್ಯ ಬಂತು. ಅವರು ಆರೋಪ ನಿರಾಕರಿಸಿದರು, ಮಾರ್ಚ್ 3ರಂದು ರಾಜೀನಾಮೆ ಕೊಟ್ಟರು. ಮುಂದೆ ಆ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ಕೇಸು ಮುಚ್ಚುವ ಬಿ ರಿಪೋರ್ಟ್ ಹಾಕಿತು. ನನ್ನ ಗಮನ ಸೆಳೆದದ್ದು ಆ ಸಿಡಿ ಅಲ್ಲ. ಅದಾದ ಎರಡು ಮೂರು ದಿನಕ್ಕೆ ಆರು ಮಂದಿ ಮಂತ್ರಿಗಳು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಓಡಿದರು. ಶಿವರಾಮ ಹೆಬ್ಬಾರ್, ಬಿ.ಸಿ. ಪಾಟೀಲ, ಎಸ್.ಟಿ. ಸೋಮಶೇಖರ್, ಡಾ. ಕೆ. ಸುಧಾಕರ್, ನಾರಾಯಣಗೌಡ, ಬೈರತಿ ಬಸವರಾಜ. ತಮ್ಮ ಮಾನಹಾನಿಯಾಗುವಂಥದ್ದನ್ನು ಪ್ರಸಾರ ಮಾಡದಂತೆ ಮಾಧ್ಯಮಗಳಿಗೆ ತಡೆ ಹಾಕಿ ಎಂದು ಕೇಳಿದರು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇವರ ಯಾವ ವಿಡಿಯೊವೂ ಬಂದಿರಲಿಲ್ಲ. ಮುಂಜಾಗ್ರತೆ ಅಷ್ಟೆ!

ಕಾಂಗ್ರೆಸ್‌ನವರು ಸದನದಲ್ಲಿ ಇವರ ರಾಜೀನಾಮೆ ಕೇಳಿದಾಗ ಸುಧಾಕರ್ ಅವರಿಗೆ ಸಿಟ್ಟು ಬಂತು. ಎಲ್ಲ ಶಾಸಕರ ಮೇಲೂ ತನಿಖೆಯಾಗಲಿ, ಯಾರು ಏಕಪತ್ನೀವ್ರತಸ್ಥರು, ಯಾರಿಗೆ ಎಂಥ ಸಂಬಂಧಗಳಿವೆ ಎಲ್ಲ ಹೊರಬರಲಿ ಎಂದು ಸವಾಲು ಹಾಕಿದರು. ಎಲ್ಲ ಪಕ್ಷದವರೂ ಒಟ್ಟಾಗಿ ಅವರ ಮೇಲೆ ಬಿದ್ದರು. ಅಷ್ಟು ಒಗ್ಗಟ್ಟು ನಮ್ಮ ಸದನದಲ್ಲಿ ಬರಗಾಲದ ವಿಷಯಕ್ಕೂ ಕಂಡಿಲ್ಲ. ಕೊನೆಗೆ ಸುಧಾಕರ್ ವಿಷಾದ ಹೇಳಬೇಕಾಯಿತು.

ಮಂತ್ರಿಗಳು ಕೋರ್ಟಿಗೆ ಹೋಗಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ಕೇಸಿನ ಮೊದಲ ಅರ್ಜಿದಾರರು ನಮ್ಮದೇ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟು ವ್ಯಭಿಚಾರವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ 497ನ್ನು ತೆಗೆದುಹಾಕಿತು. ಮದುವೆಯಾಚೆಗಿನ ಸಂಬಂಧ ವಿಚ್ಛೇದನಕ್ಕೆ ಕಾರಣವಾಗಬಹುದು, ಜೈಲಿಗೆ ಕಾರಣವಾಗಬಾರದು ಎಂಬುದು ಆ ತೀರ್ಪಿನ ತಿರುಳು. ಹೊಸ ಭಾರತೀಯ ನ್ಯಾಯ ಸಂಹಿತೆ ತರುವಾಗ ಅದನ್ನು ಮತ್ತೆ ಅಪರಾಧವನ್ನಾಗಿ ಸೇರಿಸಿ ಎಂದು ಸಂಸದೀಯ ಸಮಿತಿ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಸೇರಿಸಲಿಲ್ಲ. ಅಂದರೆ ಮಂತ್ರಿಯ ಮಲಗುವ ಕೋಣೆಗೆ ಕಾನೂನು ಬಾಗಿಲು ಹಾಕಿಕೊಟ್ಟಿದೆ. ಅದೇ ಬಾಗಿಲು ಹೋಮ್‌ಸ್ಟೇಗೂ ಇದೆ, ಪಬ್ಬಿಗೂ ಇದೆ. ಆದರೆ ಬೆಂಗಳೂರಿನಲ್ಲಿ ವಕೀಲರನ್ನಿಟ್ಟು ಒಂದೇ ದಿನದಲ್ಲಿ ತಡೆಯಾಜ್ಞೆ ತರುವ ಶಕ್ತಿ ಮಂಗಳೂರಿನಲ್ಲಿ ಓದುವ ಹತ್ತೊಂಬತ್ತರ ಹುಡುಗಿಗೆ ಎಲ್ಲಿಂದ ಬರಬೇಕು?

ಹಾಗಾಗಿಯೇ ಆಷಾಢಭೂತಿತನ ಎಂದು ಬೈದು ನಗುವುದರಿಂದ ಪ್ರಯೋಜನ ಇಲ್ಲ ಅಂದೆ. ಆ ಬೈಗುಳದ ಒಳಗೆ ಒಂದು ಒಪ್ಪಿಗೆ ಅಡಗಿದೆ. ನೀವು ಶುದ್ಧವಾಗಿದ್ದರೆ ಊರಿಗೆಲ್ಲ ನೀತಿ ಹೇರಬಹುದಿತ್ತು ಎಂದ ಹಾಗಾಗುತ್ತದೆ. ಸವದಿ, ಪಾಟೀಲರು ಅವತ್ತು ಮೊಬೈಲ್ ತೆಗೆಯದೇ ಇದ್ದಿದ್ದರೆ ಪಬ್ ದಾಳಿ ಸರಿಯಾಗಿಬಿಡುತ್ತಿತ್ತಾ? ಶ್ರೀರಾಮಚಂದ್ರನಷ್ಟೇ ಏಕಪತ್ನೀವ್ರತಸ್ಥನಾದ ಮುಖಂಡನೊಬ್ಬ ಬಸ್ಸಿನಿಂದ ಹುಡುಗಿಯನ್ನು ಇಳಿಸಿದರೆ ಅದು ನ್ಯಾಯವಾ? ಶುದ್ಧ ಚಾರಿತ್ರ್ಯದ ಮೇಲೆ ಹಠ ಹಿಡಿದಷ್ಟೂ ನಾವೂ ಆ ಗುಂಪಿನವರ ಕೆಲಸವನ್ನೇ ಮಾಡುತ್ತೇವೆ. ಇನ್ನೊಬ್ಬರ ಖಾಸಗಿ ಬದುಕಿಗೆ ಇಣುಕುತ್ತೇವೆ, ಸಿಡಿ ಮಾರುವವರಿಗೆ ಮಾರುಕಟ್ಟೆ ಮಾಡಿಕೊಡುತ್ತೇವೆ.

ಪಕ್ಷಗಳ ವಿಷಯಕ್ಕೆ ಬಂದರೆ ಇಲ್ಲಿ ಯಾರೂ ಸಾಚಾ ಅಲ್ಲ. 2016ರ ನವೆಂಬರ್ 10ರಂದು ರಾಯಚೂರಿನ ಟಿಪ್ಪು ಜಯಂತಿ ವೇದಿಕೆಯಲ್ಲಿ ಕಾಂಗ್ರೆಸ್ ಸರ್ಕಾರದ ಶಿಕ್ಷಣ ಸಚಿವ ತನ್ವೀರ್ ಸೇಠ್ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡುತ್ತಿದ್ದರು ಎಂದು ಟಿವಿ ತೋರಿಸಿತು. ಅವರು ಅಲ್ಲಗಳೆದರು, ಹುದ್ದೆಯಲ್ಲಿ ಉಳಿದರು. ರಾಜೀನಾಮೆ ಕೊಡಿ ಎಂದು ಬೀದಿಗಿಳಿದದ್ದು ಬಿಜೆಪಿ. 2021ರ ಜನವರಿಯಲ್ಲಿ ವಿಧಾನ ಪರಿಷತ್ತಿನಲ್ಲಿ ಕಾಂಗ್ರೆಸ್‌ನ ಪ್ರಕಾಶ್ ರಾಠೋಡ್ ಅವರ ಸರದಿ. ಫೋನಿನಲ್ಲಿ ಜಾಗ ತುಂಬಿತ್ತು, ಬೇಡದ್ದನ್ನು ಅಳಿಸುತ್ತಿದ್ದೆ ಎಂದರು. ಅಷ್ಟೊತ್ತಿಗೆ ವಿಧಾನಸಭೆಯಲ್ಲಿ ಖಾಸಗಿ ಚಾನೆಲ್‌ಗಳ ಕ್ಯಾಮೆರಾಕ್ಕೆ ಪ್ರವೇಶವೇ ಇರಲಿಲ್ಲ. 2019ರ ಅಕ್ಟೋಬರ್ ಅಧಿವೇಶನದಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವುಗಳನ್ನು ಹೊರಗಿಟ್ಟಿದ್ದರು. ಲೋಕಸಭೆಯಲ್ಲೂ ಹೀಗೇ ಇದೆ ಎಂಬ ಸಮರ್ಥನೆ ಬಂತು.

ಇನ್ನು 2012ರಲ್ಲಿ ಆ ಮಂತ್ರಿಗಳ ವಿರುದ್ಧ ಸದನದಲ್ಲಿ ಗುಡುಗಿದ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ. 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ಸಿಗದ ಸವದಿ ಕಾಂಗ್ರೆಸ್ ಸೇರಿದಾಗ ಬರಮಾಡಿಕೊಂಡವರಲ್ಲಿ ಅವರೂ ಇದ್ದರು. ಅಥಣಿಯಲ್ಲಿ ಸವದಿ ಭಾರಿ ಅಂತರದಿಂದ ಗೆದ್ದರು. ಮುತಾಲಿಕ್ ಅವರ ಕತೆಯೂ ಇಂಥದ್ದೇ, ಆದರೆ ಚುಟುಕು. 2014ರ ಮಾರ್ಚ್ 23ರಂದು ಹುಬ್ಬಳ್ಳಿಯಲ್ಲಿ ಅವರನ್ನು ಬಿಜೆಪಿಗೆ ಸೇರಿಸಿಕೊಂಡರು. ದೆಹಲಿಯಿಂದ ಫೋನ್ ಬಂತು, ಕೆಲವೇ ಗಂಟೆಯಲ್ಲಿ ಹೊರಗೆ ಹಾಕಿದರು. ಲೋಕಸಭೆ ಚುನಾವಣೆ ಹತ್ತಿರವಿತ್ತು. ಪಬ್ ದಾಳಿಯ ನೆನಪು ನಗರದ ಮತದಾರರಿಗೆ ಹಿಡಿಸುವುದಿಲ್ಲ ಎಂಬ ಲೆಕ್ಕ ಇದ್ದಿರಬೇಕು. ನೀತಿ ಅನ್ನುವುದು ಎಲ್ಲಿ ಲಾಭ, ಎಲ್ಲಿ ನಷ್ಟ ಎಂದು ನೋಡಿ ಬಳಸುವ ಸಾಮಾನು. ಇದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ. ಕಾಲೇಜಿಗೆ ಉಪನ್ಯಾಸಕರನ್ನು ಕೊಡುವುದಕ್ಕಿಂತ ಕಾಲೇಜಿನ ಹುಡುಗಿ ಯಾರ ಜೊತೆ ಓಡಾಡುತ್ತಾಳೆ ಎಂದು ಮಾತಾಡುವುದು ಸಲೀಸು.

ಈ ಚಾರಿತ್ರ್ಯದ ಚರ್ಚೆಯಿಂದ ಆಗುವ ನಿಜವಾದ ಹಾನಿ ಕಂಡದ್ದು ಹಾಸನದಲ್ಲಿ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಜೆಡಿಎಸ್ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದವು ಎಂದು ವಿಡಿಯೊ ತುಂಬಿದ ಪೆನ್‌ಡ್ರೈವ್‌ಗಳು ಊರೂರಿನಲ್ಲಿ ಸಿಕ್ಕವು. ಹೆಂಗಸರ ಮುಖ ಮುಚ್ಚಿರಲಿಲ್ಲ. ದೇವರು, ಹೋಮ, ಶಾಸ್ತ್ರ ಬಿಡದ ಮನೆತನ ಅದು. ಹಾಗಾಗಿ ಮೊದಲ ವಾರಗಳ ಮಾತೆಲ್ಲ ದೊಡ್ಡವರ ಮನೆಯ ಬಂಡವಾಳ ಬಯಲಾಯಿತು ಎಂಬ ಧಾಟಿಯಲ್ಲೇ ಇತ್ತು. ಜೊತೆಗೆ ಪೆನ್‌ಡ್ರೈವ್ ಹಂಚಿದ್ದು ಯಾರು, ಲಾಭ ಯಾರಿಗೆ ಎಂಬ ಜಗಳ. ಅತ್ಯಾಚಾರದ ಆರೋಪ ರಾಜಕೀಯ ಮಜಾ ಆಗಿಹೋಗಿತ್ತು. ವಿಡಿಯೊದಲ್ಲಿದ್ದವರು ನೆರೆಹೊರೆಯವರ ಕಣ್ಣು ತಪ್ಪಿಸಿ ಬದುಕಬೇಕಾಯಿತು. ಹಾಸನದ ಮಹಿಳಾ ಸಂಘಟನೆಗಳು ಬೀದಿಗೆ ಬಂದು ಇದು ಅಪರಾಧ, ಹಗರಣ ಅಲ್ಲ ಎಂದು ಹೇಳಬೇಕಾಯಿತು.

ಇಲ್ಲೇ ಗೆರೆ ಎಳೆಯಬೇಕು. ಮೊಬೈಲಿನಲ್ಲಿ ಏನೋ ನೋಡಿದ್ದು, ಒಪ್ಪಿಕೊಂಡ ಇಬ್ಬರು ವಯಸ್ಕರ ಸಂಬಂಧ, ಅಧಿಕಾರ ಇಟ್ಟುಕೊಂಡು ಹೆಣ್ಣಿನ ಮೇಲೆ ಬಲ ಪ್ರಯೋಗ. ಈ ಮೂರನ್ನೂ ನಾವು ಅನೈತಿಕ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಆಗ ಮೊದಲನೆಯದು ಅತ್ಯಾಚಾರದಷ್ಟು ದೊಡ್ಡದಾಗಿ ಕಾಣುತ್ತದೆ. ಮೂರನೆಯದು ದೊಡ್ಡವರ ಚಪಲದಷ್ಟು ಸಣ್ಣದಾಗುತ್ತದೆ. ನೀತಿ ಪಾಠ ಮಾಡುವ ರಾಜಕಾರಣಿಗೆ ಇದಕ್ಕಿಂತ ಅನುಕೂಲ ಬೇಕಾ? ಸಣ್ಣದಕ್ಕೆ ಕ್ಷಮೆ ಕೇಳಿ ವಾಪಸ್ ಬರುತ್ತಾನೆ, ದೊಡ್ಡದನ್ನು ಪಿತೂರಿ ಎಂದು ತಳ್ಳಿಹಾಕುತ್ತಾನೆ.

ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಒಂದು ಅತ್ಯಾಚಾರ ಪ್ರಕರಣದಲ್ಲಿ ಪ್ರಜ್ವಲ್ ಅವರು ದೋಷಿ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಮೇಲ್ಮನವಿ ಹೋಗಿದ್ದಾರೆ. ವಿಚಾರಣೆ ನಡೆದದ್ದು ಒಬ್ಬ ಮಹಿಳೆಯ ದೂರಿನ ಮೇಲೆ, ಅವರ ಹೇಳಿಕೆ ಮತ್ತು ವಿಧಿವಿಜ್ಞಾನದ ಸಾಕ್ಷ್ಯದ ಮೇಲೆ. ಆ ಮನೆಯಲ್ಲಿ ಎಷ್ಟು ಹೋಮ ನಡೆದಿತ್ತು ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಆಕೆ ಒಪ್ಪಿದ್ದರೋ ಇಲ್ಲವೋ ಎಂಬುದಷ್ಟೇ ಬಂತು.